ಬಿದ್ದ ಗುಂಡಿಯನ್ನು ಹಾಜರುಪಡಿಸಿದ ಬಗ್ಗೆ

ನೀರು ಸರಬರಾಜು ಇಲಾಖೆಯ ಪರಿಹಾರ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಾಲಿಗೆ ಪ್ಲಾಸ್ಟರು ಹಾಕಿರುವುದರಿಂದ ಕುಳಿತೇ ಸಲ್ಲಿಸುತ್ತಿರುವ ಈ ದರ್ಜಿಯ ನಮಸ್ಕಾರವನ್ನು ಎದ್ದುನಿಂತು ಸಲ್ಲಿಸಿದ್ದೆಂದೇ ತಾವು ಸ್ವೀಕರಿಸಬೇಕು. ತಮ್ಮ ಇಲಾಖೆ ನನ್ನ ಅಂಗಡಿಯ ಬಾಗಿಲಲ್ಲೇ ತೋಡಿ, ದೀಪವಾಗಲಿ ಹಗ್ಗವಾಗಲಿ ಇಡದೆ ಬಿಟ್ಟುಹೋದ ಗುಂಡಿಗೆ ಬಿದ್ದು ನನ್ನ ಬಲಗಾಲು ಮುರಿಯಿತು. ಗುಂಡಿಯ ಕೆಲಸದಲ್ಲಿ ಮಾತ್ರ ಕೊರತೆಯಿರಲಿಲ್ಲ. ಆಳ, ಅಗಲ ಎಲ್ಲವೂ ನನ್ನ ಅಳತೆಗೇ ತೋಡಿಸಿದಂತಿತ್ತು.

ದರ್ಜಿ ಹೊಲಿಯುವುದು ಕೈಯಲ್ಲಲ್ಲವೇ, ಕಾಲು ಯಾಕೆ ಎಂದು ತಮ್ಮ ಗುಮಾಸ್ತರು ಕೇಳಿದರು. ನನ್ನದು ಕಾಲಿನಿಂದ ತುಳಿಯುವ ಯಂತ್ರ, ಸ್ವಾಮಿ. ಈಗ ನನ್ನ ಹೆಂಡತಿ ಕೆಳಗೆ ಕುಳಿತು ತುಳಿಯುತ್ತಾಳೆ, ನಾನು ಮೇಲೆ ಬಟ್ಟೆ ಹಿಡಿಯುತ್ತೇನೆ. ನಾನು ಮರೆತು ಅವಳ ತಮ್ಮನ ಸುದ್ದಿ ಎತ್ತಿದರೆ ಸಾಕು, ಜೇಬಿನ ಹೊಲಿಗೆ ಮೊಣಕಾಲಿನವರೆಗೆ ಓಡಿಬಿಡುತ್ತದೆ. ಗಿರಾಕಿಗಳು ಬೇರೆ ಅಂಗಡಿ ಹಿಡಿಯುತ್ತಿದ್ದಾರೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿದೆ.

ಪರಿಹಾರ ಕೇಳಿದರೆ ತಮ್ಮ ತಪಾಸಣಾಧಿಕಾರಿಗಳು, "ಗುಂಡಿ ಎಲ್ರೀ? ಮೊದ್ಲು ಗುಂಡಿ ತೋರ್ಸಿ, ಆಮೇಲೆ ಕಾಲಿನ ಮಾತು" ಎಂದರು. ನಾನು ಆಸ್ಪತ್ರೆಯಲ್ಲಿದ್ದಾಗ ತಮ್ಮ ಇಲಾಖೆ, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ತಾನು ತೋಡಿದ ಗುಂಡಿಯನ್ನು ತಾನೇ ಮುಚ್ಚಿತ್ತು. ಗುಂಡಿಯಿಲ್ಲದೆ ಬಿದ್ದವನೆಂಬ ಅಪವಾದ ಬೇಡವೆಂದು ತಮ್ಮ ಅನುಮತಿ ಪಡೆದು, ತಮ್ಮದೇ ಕೂಲಿಯವರಿಂದ, ಅದೇ ಜಾಗದಲ್ಲಿ ಮತ್ತೆ ತೋಡಿಸಿದೆ. ಸಾಹೇಬರು ಬಂದರು, ಟೇಪು ಹಿಡಿದು ಬಗ್ಗಿದರು, "ಇಂಥದಕ್ಕೆಲ್ಲ ಯಾರ್ರೀ ಬೀಳ್ತಾರೆ?" ಎಂದರು, ಬಿದ್ದರು. ಕೇಳಿದ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಸಿಕ್ಕ ಸರ್ಕಾರಿ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಗಾಯದ ಮೇಲೆ ಬರೆ ಎಳೆದಂತೆ ತಮ್ಮ ನೋಟಿಸು ಬಂದಿದೆ: ಎರಡನೆಯ ಗುಂಡಿ ನನ್ನ ಕೋರಿಕೆಯಂತೆ ತೋಡಿದ್ದಾದ್ದರಿಂದ ಸಾಹೇಬರ ಮುರಿದ ಕಾಲಿಗೆ ನಾನೇ ಪರಿಹಾರ ಕೊಡಬೇಕಂತೆ. ಮಹಾಸ್ವಾಮಿ, ತಮ್ಮ ಇಲಾಖೆಯಲ್ಲಿ ವಹಿಸಿದ ಕೆಲಸವನ್ನು ತಪ್ಪದೆ ಮಾಡುವ ಏಕೈಕ ನೌಕರ ಆ ಗುಂಡಿಯೇ. ಅದಕ್ಕೆ ಬಡ್ತಿ ಕೊಟ್ಟು ಬೇರೆ ಊರಿಗೆ ವರ್ಗ ಮಾಡಿ. ಅದಾಗದಿದ್ದರೆ, ನನ್ನ ಮೂಳೆ ಕೂಡುವವರೆಗೆ ಯಂತ್ರ ತುಳಿಯಲು, ನನಗೆ ಹೆಂಡತಿಯ ಕಡೆಯಿಂದ ಯಾವ ಸಂಬಂಧವೂ ಇಲ್ಲದ ಒಬ್ಬ ಗುಮಾಸ್ತರನ್ನು ಕಳುಹಿಸಿಕೊಡಿ.

ಒಂದೇ ತುದಿಗಾಲಲ್ಲಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಮೂಲೆಯಂಗಡಿ ದರ್ಜಿ

ವಿ.ಸೂ.: ಸಾಹೇಬರು ಬಿದ್ದದ್ದು ನಿಜವೇ ಎಂದು ಪರಿಶೀಲಿಸಲು ತಾವೇ ಖುದ್ದಾಗಿ ಬರುತ್ತೀರೆಂದು ತಿಳಿದು ಸಂತೋಷವಾಯಿತು. ಗುಂಡಿ ತೆರೆದೇ ಇದೆ. ತಮ್ಮದೊಂದು ಪ್ಯಾಂಟನ್ನು ಮುಂಚಿತವಾಗಿ ಕಳುಹಿಸಿದರೆ, ಪ್ಲಾಸ್ಟರು ಹಿಡಿಯುವಂತೆ ಒಂದು ಕಾಲನ್ನು ಬಿಚ್ಚಿ ಅಗಲ ಮಾಡಿಡುತ್ತೇನೆ. ಯಾವ ಕಾಲೆಂದು ದಯವಿಟ್ಟು ತಿಳಿಸಿ.