ಮಾವನ ಚೆಂಡು ಮೈದಾನಕ್ಕೆ

ಪೋರ್ಟ್ ಹ್ಯಾಡ್ಲಿ ಹೆರನ್ಸ್ ಬೇಸ್‌ಬಾಲ್ ತಂಡವನ್ನು ಒಂದೇ ಒಂದು ವಾರ ತನ್ನ ಕೈಗೆ ಕೊಟ್ಟರೆ ಸಾಕು, ಉದ್ಧಾರ ಮಾಡಿ ತೋರಿಸುತ್ತೇನೆ ಎಂದು ವ್ಯಾಲ್ ಪ್ರೊಹಾಸ್ಕಾ ಆ ಭಾನುವಾರ ಬೆಳಿಗ್ಗೆ ಮೊಟ್ಟೆ ತಿನ್ನುತ್ತಾ ಘೋಷಿಸಿದ. ಕೇಳಲು ಎದುರಿಗಿದ್ದವರು ಇಬ್ಬರು: ಹೆಂಡತಿ ಮಾರ್ನಿ ಮತ್ತು ಮೆಣಸಿನ ಪುಡಿಯ ಡಬ್ಬಿ. ಡಬ್ಬಿಯೇ ಹೆಚ್ಚು ಗಮನವಿಟ್ಟು ಕೇಳುತ್ತಿತ್ತು.

"ಮೊದಲ್ನೇ ದಿನ ಆ ಮ್ಯಾನೇಜರ್ ಕ್ರೆನ್‌ಶಾನ ಮನೆಗೆ ಕಳಿಸ್ತೀನಿ. ಸೂರ್ಯಕಾಂತಿ ಬೀಜ ಅಗಿಯೋದು ಬಿಟ್ರೆ ಅವನಿಗೆ ಬೇರೇನೂ ಬರಲ್ಲ. ಎರಡನೇ ದಿನ ಆ ಟಲ್ಲಿನ."

"ಮೂರನೇ ದಿನ?"

"ಮೂರನೇ ದಿನ ಗೆಲ್ತೀವಿ."

"ನಾಲ್ಕನೇ ದಿನ ಬಿಡುವಿದ್ರೆ ಅಂಗಳದ ಹುಲ್ಲು ಕತ್ತರಿಸು. ಜೂನಿಂದ ಹೇಳ್ತಿದೀನಿ" ಎಂದಳು ಮಾರ್ನಿ.

ವ್ಯಾಲ್‌ನ ಸಂಕಟವೂ ಸುಳ್ಳಲ್ಲ ಬಿಡಿ. ಹೆರನ್ ಎಂದರೆ ಕೊಕ್ಕರೆ. ಸರೋವರದ ದಂಡೆಯ ಊರಿನ ತಂಡಕ್ಕೆ ತಕ್ಕ ಹೆಸರೇ. ಆದರೆ ಹೆಸರಿಟ್ಟವರು ಕೊಕ್ಕರೆ ಗಬಕ್ಕನೆ ಮೀನು ಹಿಡಿಯುವುದನ್ನು ನೋಡಿ ಇಟ್ಟಿದ್ದರು, ಆಟಗಾರರು ಅದು ಒಂಟಿಕಾಲಲ್ಲಿ ನಿಂತು ಧ್ಯಾನ ಮಾಡುವುದನ್ನು ಮಾತ್ರ ಕಲಿತಿದ್ದರು. ಸೆಪ್ಟೆಂಬರ್ ಹೊತ್ತಿಗೆ ತೊಂಬತ್ತೊಂದು ಸೋಲು. ತಂಡದ ಒಡೆಯ ವಿಟ್ಕಂಬ್ ಕಾರು ತೊಳೆಯುವ ಅಂಗಡಿಗಳಿಂದ ಮೇಲೆ ಬಂದ ಮನುಷ್ಯ. ಇದ್ದ ಒಬ್ಬ ಒಳ್ಳೆಯ ಚೆಂಡೆಸೆತಗಾರನನ್ನು ಎದುರಾಳಿಗೆ ಮಾರಿ, ಬಂದ ಹಣದಲ್ಲಿ ಸ್ಕೋರು ಹಲಗೆಯ ಮೇಲೆ ಇಪ್ಪತ್ತಡಿ ಎತ್ತರದ ಫೈಬರ್ ಕೊಕ್ಕರೆ ನಿಲ್ಲಿಸಿದ್ದ. ನಮ್ಮವರು ಹೋಮ್ ರನ್ ಹೊಡೆದಾಗಲೆಲ್ಲ, ಅಂದರೆ ಚೆಂಡನ್ನು ಮೈದಾನ ದಾಟಿಸಿ ಗ್ಯಾಲರಿಗೇ ಹಾರಿಸಿದಾಗಲೆಲ್ಲ, ಅದು ರೆಕ್ಕೆ ಬಡಿಯಬೇಕು, ಅದು ಏರ್ಪಾಡು. ಮೇ ತಿಂಗಳಲ್ಲಿ ಆ ರೆಕ್ಕೆಯೊಳಗೆ ನಿಜವಾದ ಗುಬ್ಬಚ್ಚಿಗಳು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಯಾವ ಅಡಚಣೆಯೂ ಇಲ್ಲದೆ ಸಂಸಾರ ಸಮೇತ ಹಾರಿಹೋದವು.

ಇನ್ನು ಡೆಸ್ಮಂಡ್ ಟಲ್ಲಿ. ಮೈದಾನದ ಎಡ ಮೂಲೆ ಕಾಯುವವನು. ಕಾಯುತ್ತಿದ್ದ, ಹಿಡಿಯುತ್ತಿರಲಿಲ್ಲ. ವ್ಯಾಲ್‌ನ ಸೀಟು ಎಡ ಗ್ಯಾಲರಿಯ ಮೊದಲ ಸಾಲಿನಲ್ಲಿ, ಅಂದರೆ ಸರಿಯಾಗಿ ಟಲ್ಲಿಯ ಬೆನ್ನ ಹಿಂದೆ. ಏಪ್ರಿಲ್‌ನಿಂದ ಆ ಬೆನ್ನು ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆದರೆ ಮನೆಮಂದಿ ಕೂತು ಓದುವ ಹಾಗಿರುವುದಿಲ್ಲ. ಅವುಗಳಲ್ಲಿ ತೀರ ಸಭ್ಯವಾದದ್ದು, "ಟಲ್ಲೀ, ನಿಮ್ಮಜ್ಜಿ ನಿನಗಿಂತ ಚೆನ್ನಾಗಿ ಹಿಡೀತಾಳೆ ಕಣೋ."

ಮಾರ್ನಿ ಮೇಜಿನ ಮೇಲೆ ಒಂದು ಉಣ್ಣೆಯ ಕಾಲುಚೀಲ ಇಟ್ಟಳು. ಒಳಗೆ ದುಂಡಗೆ ಏನೋ ಇತ್ತು.

"ಇಪ್ಪತ್ತಾರು ಜನರ ತಂಡ ಆಮೇಲೆ ನೋಡ್ಕೊಳ್ಳೋಣ. ಇವತ್ತು ಈ ಒಂದು ಚೆಂಡು ನೋಡ್ಕೋ."

ವ್ಯಾಲ್ ಫೋರ್ಕ್ ಕೆಳಗಿಟ್ಟ. ಅದು ಮಾವ ಎಮಿಲ್‌ನ ಚೆಂಡು. ಐವತ್ತೆರಡು ವರ್ಷದ ಹಿಂದೆ ಹೆರನ್ಸ್ ಒಮ್ಮೆ, ಒಂದೇ ಒಮ್ಮೆ, ಚಾಂಪಿಯನ್ ಆಗಿದ್ದರು. ಆ ದಿನ ಗ್ಯಾಲರಿಗೆ ಹಾರಿಬಂದ ಚೆಂಡನ್ನು ಎಮಿಲ್ ಬರಿಗೈಯಲ್ಲಿ ಹಿಡಿದು, ಕಿರುಬೆರಳು ಮುರಿದುಕೊಂಡು, ಮುರಿದ ಬೆರಳಲ್ಲೇ ಒಂಬತ್ತೂ ಆಟಗಾರರ ಹತ್ತಿರ ಹೋಗಿ ಸಹಿ ಹಾಕಿಸಿಕೊಂಡಿದ್ದ. ಆಸ್ಪತ್ರೆಗೆ ಹೋದದ್ದು ಮಾರನೇ ದಿನ. ಅಂದಿನಿಂದ ಅದು ಆ ಕಾಲುಚೀಲದಲ್ಲೇ ಇದೆ, ಅಪರೂಪಕ್ಕೊಮ್ಮೆ ಬೆಳಕು ಕಾಣುತ್ತದೆ.

"ಇವತ್ತು ಅಪ್ಪನಿಗೆ ಎಂಬತ್ತು ತುಂಬುತ್ತೆ. ಮ್ಯಾಚು ಮುಗಿದ ಮೇಲೆ ಅಂಗಡಿಗೆ ಹೋಗಿ ಗಾಜಿನ ಪೆಟ್ಟಿಗೆಲಿ ಕೂರಿಸ್ಕೊಂಡು ಆರು ಗಂಟೆಗೆ ಬಾ. ಕಾರಲ್ಲಿ ಬಿಡ್ಬೇಡ, ಬಿಸಿಲಿಗೆ ಶಾಯಿ ಮಾಸುತ್ತೆ."

"ಮಾರ್ನಿ, ನಾನು ಅಂಚೆಯವನು. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದ ತಪ್ಪು ಮನೆಗೆ ಹೋಗಿಲ್ಲ."

"ಕಾಗದ ಹೋಗಿಲ್ಲ, ಸರಿ."

ಹೀಗೆ ವ್ಯಾಲ್ ಜಾಕೆಟ್ಟಿನ ಬಲ ಜೇಬಿನಲ್ಲಿ ಮಾವನ ಮಾನವನ್ನಿಟ್ಟುಕೊಂಡು ಹೊರಟ. ಎಡ ಜೇಬಿನಲ್ಲಿ ಇನ್ನೊಂದು ಚೆಂಡಿತ್ತು. ಅದರ ಗುಟ್ಟು ಹೇಳಿಬಿಡಬೇಕು. ಎದುರಾಳಿ ಹೊಡೆದ ಹೋಮ್ ರನ್ ಚೆಂಡು ಗ್ಯಾಲರಿಯಲ್ಲಿ ಯಾರ ಕೈಗೆ ಸಿಕ್ಕರೂ ಅದನ್ನು ಅಸಹ್ಯವೆಂಬಂತೆ ಮೈದಾನಕ್ಕೆ ವಾಪಸ್ ಎಸೆಯಬೇಕು ಎಂಬುದು ಅಲ್ಲಿನ ಕಟ್ಟಲೆ. ಇಟ್ಟುಕೊಂಡವನು ದ್ರೋಹಿ. ಆದರೆ ಇಟ್ಟುಕೊಳ್ಳುವ ಆಸೆ ಯಾರಿಗಿಲ್ಲ? ಆದ್ದರಿಂದ ಅನುಭವಸ್ಥರು ಒಂದು ಸವೆದ ಹಳೇ ಚೆಂಡು ತಂದಿರುತ್ತಾರೆ. ಹೋಮ್ ರನ್ ಸಿಕ್ಕರೆ ಅಸಲಿಯನ್ನು ಒಳಗೆ ಸೇರಿಸಿ, ಸವೆದದ್ದನ್ನು ರೋಷದಿಂದ ಎಸೆದು, ಎರಡೂ ಲೋಕದಲ್ಲಿ ಪುಣ್ಯ ಗಳಿಸುತ್ತಾರೆ. ವ್ಯಾಲ್ ಹನ್ನೊಂದು ವರ್ಷದಿಂದ ಅಂಥದೊಂದನ್ನು ಹೊತ್ತು ತಿರುಗುತ್ತಿದ್ದ, ಒಮ್ಮೆಯೂ ಅವಕಾಶ ಬಂದಿರಲಿಲ್ಲ. ಪಕ್ಕದವರ ಕಣ್ಣಿಗೆ ಬೀಳದಿರಲೆಂದು ಅದನ್ನೂ ಒಂದು ಕಾಲುಚೀಲದಲ್ಲಿಟ್ಟಿದ್ದ.

ಮಧ್ಯಾಹ್ನದ ಪಂದ್ಯ. ಬಿಸಿಲು ಚುರುಗುಟ್ಟಿತು. ನಾಲ್ಕನೇ ಇನ್ನಿಂಗ್ಸಿನಲ್ಲಿ ವ್ಯಾಲ್ ಜಾಕೆಟ್ ಬಿಚ್ಚಿ, ಎದುರಿನ ಕಟಕಟೆಯ ಮೇಲೆ ಹಿಂದುಮುಂದಾಗಿ ಹರವಿದ. ಮನುಷ್ಯನ ಮೈಮೇಲಿದ್ದಾಗ ಎಡಕ್ಕಿದ್ದ ಜೇಬು ಈಗ ಬಲಕ್ಕೆ ಬಂತು, ಬಲಕ್ಕಿದ್ದದ್ದು ಎಡಕ್ಕೆ. ಇದು ಸಣ್ಣ ಮಗುವಿಗೂ ಹೊಳೆಯುವ ವಿಷಯ. ಆದರೆ ವ್ಯಾಲ್ ಆಗ ಒಡೆಯ ವಿಟ್ಕಂಬ್‌ಗೆ ತಂಡ ಕಟ್ಟುವುದು ಹೇಗೆಂದು ಸಾಲಿನವರಿಗೆಲ್ಲ ಕೇಳುವಂತೆ ಪಾಠ ಹೇಳುತ್ತಿದ್ದ.

"ಸ್ವಲ್ಪ ಮೆತ್ತಗೆ ಪ್ರೊಹಾಸ್ಕಾ" ಎಂದಳು ಗ್ಯಾಲರಿ ಕಾವಲಿನ ಡೊಲೊರೆಸ್. ಎಪ್ಪತ್ತರ ಹೆಂಗಸು, ಕೆಂಪು ಕೋಟು, ಹೆರನ್ಸ್ ಸೋಲುವುದನ್ನು ಸಂಬಳ ಪಡೆದು ನೋಡುವ ಅದೃಷ್ಟವಂತೆ. "ಒಡೆಯರು ಇಲ್ಲಿಲ್ಲ, ಫ್ಲೋರಿಡಾದಲ್ಲಿದಾರೆ."

"ಅದಕ್ಕೇ ಜೋರಾಗಿ ಹೇಳ್ತಿರೋದು."

ಏಳನೇ ಇನ್ನಿಂಗ್ಸಿನಲ್ಲಿ ಎದುರಾಳಿಯ ದಾಂಡಿಗ ಬೀಸಿದ. ಚೆಂಡು ಟಲ್ಲಿಯ ತಲೆ ಮೇಲೆ ಹಾದು ನೇರ ವ್ಯಾಲ್‌ನ ಕಡೆಗೇ ಬಂತು. ಹನ್ನೊಂದು ವರ್ಷದ ತಪಸ್ಸು. ಅದು ಅವನ ಎರಡೂ ಅಂಗೈ ಮಧ್ಯೆ ಬಂದು, ಒಂದು ಗಳಿಗೆ ವಿಚಾರ ಮಾಡಿ, ಜಾರಿ, ತೊಡೆಯ ಮೇಲಿದ್ದ ಚೀಸ್ ಸಾರಿನ ತಟ್ಟೆಯಲ್ಲಿ ಕೂತಿತು.

"ವಾಪಸ್ ಎಸಿ, ವಾಪಸ್ ಎಸಿ" ಎಂದು ಗ್ಯಾಲರಿ ಪೂರ್ತಿ ಕೂಗತೊಡಗಿತು.

ವ್ಯಾಲ್ ಬಗ್ಗಿದ. ಅಸಲಿಯನ್ನು ಚೀಸ್ ಸಮೇತ ಅಂಗಿಯೊಳಗೆ ತುರುಕಿದ. ಜಾಕೆಟ್ಟಿನ ಎಡಗಡೆ ಜೇಬಿಗೆ ಕೈ ಹಾಕಿ ಕಾಲುಚೀಲ ಕೊಡವಿ ಚೆಂಡು ತೆಗೆದ. ಎದ್ದು ನಿಂತು, ತೊಂಬತ್ತೊಂದು ಸೋಲಿನ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಬೀಸಿ ಎಸೆದ. ಎಂಥ ಎಸೆತ ಅಂತೀರಿ. ಟಲ್ಲಿಯನ್ನು ದಾಟಿ, ಇನ್ನೂ ದಾಟಿ, ಮೈದಾನದ ನಡುವಿನವರೆಗೂ ಹೋಯಿತು. ಗ್ಯಾಲರಿ ಎದ್ದು ಚಪ್ಪಾಳೆ ತಟ್ಟಿತು. ವ್ಯಾಲ್ ಸಭಾವಂದನೆ ಮಾಡಿ, ಕೂತು, ಅಸಲಿಯನ್ನು ಭದ್ರಪಡಿಸಲು ಜಾಕೆಟ್ ಎತ್ತಿಕೊಂಡ. ಕೈಗೆ ಇನ್ನೊಂದು ಕಾಲುಚೀಲ ತಗುಲಿತು. ಒಳಗಿಣುಕಿದ. ಸವೆದ ಚೆಂಡು ಅವನನ್ನೇ ನೋಡುತ್ತಿತ್ತು.

ಅಂಗಿಯೊಳಗಿನ ಬಿಸಿ ಚೀಸ್ ಒಮ್ಮೆಲೇ ತಣ್ಣಗಾಯಿತು.

ಮೈದಾನದ ನಡುವೆ ಬಿದ್ದಿದ್ದ ಐವತ್ತೆರಡು ವರ್ಷದ ಮಾನವನ್ನು ಯಾರೋ ಎಡ ಮೂಲೆಯ ಕಡೆಗೆ ಉರುಳಿಸಿದರು, ಹೊರಗೆ ಹಾಕಲಿ ಎಂದು. ಅದು ಟಲ್ಲಿಯ ಕಡೆಗೇ ಉರುಳಿ ಬಂತು. ಟಲ್ಲಿ ಬಗ್ಗಿದ. ಚೆಂಡು ಕಾಲ ಸಂದಿಯಲ್ಲಿ ನುಸುಳಿ ಆ ಕಡೆ ಹೋಯಿತು.

"ಟಲ್ಲಿ ಸಾರ್," ಎಂದು ವ್ಯಾಲ್ ಕೂಗಿದ. ತನ್ನ ದನಿ ಇಷ್ಟು ಮೃದುವಾಗಬಲ್ಲದು ಎಂದು ಅವನಿಗೇ ಗೊತ್ತಿರಲಿಲ್ಲ. "ಸಾರ್, ಸ್ವಲ್ಪ ಆ ಚೆಂಡು ಹುಷಾರು ಸಾರ್."

ಟಲ್ಲಿ ತಿರುಗಲಿಲ್ಲ. ಆರು ತಿಂಗಳಿಂದ ಆ ದನಿಗೆ ತಿರುಗದಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದ ಮನುಷ್ಯ. ಚೆಂಡು ಎತ್ತಿಕೊಂಡ, ಮೈದಾನದಂಚಿನ ಮೋರಿಯ ಕಡೆ ಎಸೆಯಲು ಕೈ ಎತ್ತಿದ, ಯಾಕೋ ನಿಲ್ಲಿಸಿದ, ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅದನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡ.

ವ್ಯಾಲ್ ಉಸಿರು ಬಿಡುವಷ್ಟರಲ್ಲಿ ಮುಂದಿನ ದಾಂಡಿಗ ಹೊಡೆದ ಚೆಂಡು ಎಡ ಮೂಲೆಗೆ ಹಾರಿತು. ಟಲ್ಲಿ ಓಡಿದ. ಇಡೀ ಬೇಸಿಗೆ "ಬಿದ್ದಾದ್ರೂ ಹಿಡಿಯೋ" ಎಂದು ಅರಚಿದ್ದ ವ್ಯಾಲ್ ಈಗ ಕಟಕಟೆಯಿಂದ ಅರ್ಧ ಮೈ ಹೊರಗೆ ಚಾಚಿ ಬೇಡಿಕೊಂಡ:

"ಬೀಳ್ಬೇಡಪ್ಪ. ಹಿಡೀದಿದ್ರೂ ಪರವಾಗಿಲ್ಲ. ದಮ್ಮಯ್ಯ, ಆ ಜೇಬಿನ ಮೇಲೆ ಮಾತ್ರ ಬೀಳ್ಬೇಡ."

ಟಲ್ಲಿ ಬಿದ್ದ. ಗಾಳಿಯಲ್ಲಿ ಉದ್ದಕ್ಕೆ ಚಾಚಿಕೊಂಡು, ಹೊಟ್ಟೆಯ ಮೇಲೆ ಜಾರಿ, ಹುಲ್ಲಿನಿಂದ ಎರಡು ಬೆರಳು ಮೇಲೆ ಚೆಂಡನ್ನು ಹಿಡಿದುಬಿಟ್ಟ. ಆ ವರ್ಷ ಆ ಮೈದಾನ ಕಂಡ ಅತ್ಯುತ್ತಮ ಕ್ಯಾಚು. ಹದಿನಾಲ್ಕು ಸಾವಿರ ಜನ ಹುಚ್ಚೆದ್ದು ಕುಣಿದರು. ಎದ್ದು ನಡೆದ ಟಲ್ಲಿಯ ಹಿಂಬದಿಯನ್ನು ಅಷ್ಟು ಜನರಲ್ಲಿ ಒಬ್ಬನೇ ಒಬ್ಬ ಭಕ್ತಿಯಿಂದ ದಿಟ್ಟಿಸುತ್ತಿದ್ದ. ಉಬ್ಬು ಇತ್ತು. ದುಂಡಗೇ ಇತ್ತು.

ಎಂಟನೇ ಇನ್ನಿಂಗ್ಸಿನಲ್ಲಿ ಡೊಲೊರೆಸ್ ಬಂದು ಅವನ ಭುಜ ತಟ್ಟಿದಳು. "ಮುಗಿದ ಮೇಲೆ ಎಡ ಮೂಲೆ ಗೇಟಿನ ಹತ್ರ ಬರ್ಬೇಕಂತೆ. ಟಲ್ಲಿ ಹೇಳಿ ಕಳಿಸಿದಾರೆ."

"ಹೊಡೆಯೋಕಾ?"

"ಅದು ಹೇಳಿಲ್ಲ. ಹೊಡೆದ್ರೆ ನಾನು ಆ ಕಡೆ ತಿರುಗಿರ್ತೀನಿ."

ಹೆರನ್ಸ್ ಎಂದಿನಂತೆ ಸೋತರು. ವ್ಯಾಲ್ ಮೊದಲ ಸಲ ಯಾರನ್ನೂ ಬೈಯದೆ ಮೆಟ್ಟಿಲಿಳಿದು ಗೇಟಿನ ಬಳಿ ನಿಂತ. ಟಲ್ಲಿ ಬಂದ. ಹತ್ತಿರದಿಂದ ನೋಡಿದರೆ ಆಳು ಬಾಗಿಲಷ್ಟು ಅಗಲ.

"ಆ ಗಂಟಲು ನಿಂದೇ ಅಲ್ವಾ?"

"ಯಾವ ಗಂಟಲು ಸಾರ್?"

"ನಮ್ಮಜ್ಜಿ ವಿಷಯ."

ವ್ಯಾಲ್ ಡೊಲೊರೆಸ್ ಕಡೆ ನೋಡಿದ. ಕೊಟ್ಟ ಮಾತಿನಂತೆ ಅವಳು ಆಗಲೇ ಆ ಕಡೆ ತಿರುಗಿದ್ದಳು.

"ನಿಜಾನೇ ಹೇಳಿದೀಯ" ಎಂದ ಟಲ್ಲಿ. "ಅಜ್ಜಿ ಮೂವತ್ತು ವರ್ಷ ಸಾಫ್ಟ್‌ಬಾಲ್ ಆಡಿದೋಳು. ನನಗಿಂತ ಚೆನ್ನಾಗೇ ಹಿಡೀತಾಳೆ. ರೇಡಿಯೋದಲ್ಲಿ ನಿನ್ನ ದನಿ ಕೇಳಿಸಿದ್ರೆ ಅವಳಿಗೆ ಖುಷಿ." ಹಿಂದಿನ ಜೇಬಿಂದ ಚೆಂಡು ತೆಗೆದ. "ಇದರ ಮೇಲಿರೋರು ಗೊತ್ತು ನನಗೆ. ಡ್ರೆಸ್ಸಿಂಗ್ ರೂಮಿನ ಗೋಡೆ ಮೇಲೆ ಇವ್ರದೇ ಫೋಟೋ. ಇವ್ರ ಜೊತೆ ನನ್ನ ಸಹಿ ಕೇಳ್ತಿದೀಯ ಅಂದ್ರೆ..." ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. "ಈ ವರ್ಷ ಒಬ್ಬರೂ ಕೇಳಿಲ್ಲ ಕಣಯ್ಯ. ನೀನೊಬ್ಬನೇ. ಅದೂ ಅಷ್ಟು ದೂರ ಎಸೆದು."

ಈಗ ವ್ಯಾಲ್ ಏನು ಹೇಳಬೇಕಿತ್ತು ನೀವೇ ಹೇಳಿ. ಡೊಲೊರೆಸ್ ಈ ಕಡೆ ತಿರುಗಿ ತನ್ನ ಪೆನ್ನು ಕೊಟ್ಟಳು. ಒಂಬತ್ತು ಚಾಂಪಿಯನ್ನರ ನಡುವೆ ಉಳಿದಿದ್ದ ಒಂದೇ ಖಾಲಿ ಜಾಗಕ್ಕೆ ಆ ಪೆನ್ನು ಇಳಿಯುವುದನ್ನು ವ್ಯಾಲ್ ಹಲ್ಲು ಕೀಳುವಾಗ ನೋಡುವಂತೆ ನೋಡಿದ.

"ಏನು ಬರೀಲಿ?"

"ನಿಮ್ಮಿಷ್ಟ ಸಾರ್. ಚಿಕ್ಕದಾಗಿ ಬರೀರಿ ಸಾರ್."

ಟಲ್ಲಿ ಚಿಕ್ಕದಾಗಿಯೇ ಬರೆದ, ಆದರೆ ತುಂಬ ಬರೆದ. ಏನು ಬರೆದನೆಂದು ಓದುವ ಧೈರ್ಯ ವ್ಯಾಲ್‌ಗೆ ಇರಲಿಲ್ಲ. ಚೆಂಡು ಅಂಗೈಗೆ ಬಂತಲ್ಲ, ಅಷ್ಟೇ ಸಾಕಾಗಿತ್ತು. ಕಾರಲ್ಲಿ ಕೂತು ಅದನ್ನು ಎರಡು ನಿಮಿಷ ಕೆನ್ನೆಗೊತ್ತಿಕೊಂಡ. ಅಂಗಡಿಯಲ್ಲಿ ಟಲ್ಲಿಯ ಬರಹ ಕೆಳಗೆ ಬರುವಂತೆ ಪೆಟ್ಟಿಗೆಯಲ್ಲಿ ಕೂರಿಸಿ, ಆರಕ್ಕೆ ಐದು ನಿಮಿಷವಿರುವಾಗ ಮನೆ ಸೇರಿದ.

ಎಮಿಲ್ ಕುರ್ಚಿಯಲ್ಲಿ ಮಹಾರಾಜನ ಹಾಗೆ ಕೂತಿದ್ದ. "ರೇಡಿಯೋ ಕೇಳ್ದೆ ಕಣೋ. ಎಡ ಗ್ಯಾಲರಿಲಿ ಯಾವನೋ ಹೋಮ್ ರನ್ ಚೆಂಡು ವಾಪಸ್ ಎಸೆದನಂತೆ, ಏನು ತೋಳು ಅಂತೀಯ. ನೋಡಿದ್ಯಾ ಅವನ್ನ?"

"ದೂರದಿಂದ" ಎಂದ ವ್ಯಾಲ್.

ಎಮಿಲ್ ಪೆಟ್ಟಿಗೆಯನ್ನು ಎತ್ತಿ ಬೆಳಕಿಗೆ ಹಿಡಿದ. ಹಳೆಯವರ ಹೆಸರನ್ನು ಒಂದೊಂದಾಗಿ ಓದಿದ. ಒಂಬತ್ತಾಯಿತು. ಗಾಜಿನ ತಳದ ಕಡೆಯಿಂದ ನೋಡಲು ಪೆಟ್ಟಿಗೆಯನ್ನು ತಲೆ ಮೇಲೆ ಎತ್ತಿದ. "ಇಲ್ಲೇನೋ ಹೊಸದಿದೆಯಲ್ಲ. ಮಾರ್ನಿ, ಕನ್ನಡಕ ಇಲ್ಲ, ನೀನೇ ಓದು."

ಮಾರ್ನಿ ಬಗ್ಗಿ ಓದಿದಳು. "ಎಡ ಗ್ಯಾಲರಿಯ ದೊಡ್ಡ ಗಂಟಲಿನ ಗೆಳೆಯನಿಗೆ. ಈ ಚೆಂಡನ್ನು ಏಳನೇ ಇನ್ನಿಂಗ್ಸಿನಲ್ಲಿ ಅದ್ಭುತವಾಗಿ ಎಸೆದೆ. ಡೆಸ್ಮಂಡ್ ಟಲ್ಲಿ."

ವ್ಯಾಲ್ ಕೇಕಿನ ಮೇಲೆ ಉರಿಯುತ್ತಿದ್ದ ಮೇಣದಬತ್ತಿಗಳನ್ನು ಎಣಿಸತೊಡಗಿದ.

"ಎಸೆದೆ" ಎಂದಳು ಮಾರ್ನಿ, ಆ ಒಂದು ಪದವನ್ನು ಚಿಮಟದಲ್ಲಿ ಹಿಡಿದೆತ್ತಿದಂತೆ. "ಯಾವುದನ್ನ, ವ್ಯಾಲ್?"

ವ್ಯಾಲ್ ಎಲ್ಲವನ್ನೂ ಹೇಳಿದ. ಜೇಬು, ಚೀಸು, ಕ್ಯಾಚು, ಅಜ್ಜಿ, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಕತ್ತು ಬಗ್ಗಿಸಿ ನಿಂತ. ಎಮಿಲ್‌ನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡ ವ್ಯಾಲ್. ಮುದುಕ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವಷ್ಟು.

"ಬೈಬೇಡ ಬಿಡಮ್ಮ" ಎಂದ ಮಗಳಿಗೆ. "ಐವತ್ತೆರಡು ವರ್ಷ ಕಾಲುಚೀಲದಲ್ಲಿ ಉಸಿರು ಕಟ್ಟಿ ಕೂತಿದ್ದ ಚೆಂಡು. ಒಂದು ಮಧ್ಯಾಹ್ನ ಆಡ್ಕೊಂಡು ಬಂತು."

ವ್ಯಾಲ್‌ಗೆ ಮನಸ್ಸು ಹಗುರವಾಯಿತು. ಎಷ್ಟು ಹಗುರ ಎಂದರೆ, ಹುಲ್ಲು ಕತ್ತರಿಸು ಎಂದಿದ್ದರೂ ಆಗಲೇ ಹೊರಡುತ್ತಿದ್ದ.

"ಮುಂದಿನ ಹುಟ್ಟುಹಬ್ಬಕ್ಕೆ ಆ ಹುಡುಗ ಟಲ್ಲಿನ ಊಟಕ್ಕೆ ಕರೀರಿ" ಎಂದ ಎಮಿಲ್, ಮೇಣದಬತ್ತಿಯ ಕಡೆ ಬಗ್ಗುತ್ತಾ. "ಅವರಜ್ಜಿನೂ ಬರ್ಲಿ. ಕುರ್ಚಿ ಮಿಕ್ಕಿದ್ರೆ ವ್ಯಾಲ್‌ಗೂ ಹೇಳಿ."