ಬಿಸಿಲು ಬಡಿದ ಬ್ಯಾಕ್ಟೀರಿಯಾ

ಜತ್ತದ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಹಾಯಕನಾದ ನಾನು ನಗೆ ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ದಿನಾ ಹಾಜರಿ ಹಾಕಲು ಬರುತ್ತದೆ. ಉಪ್ಪುಖಾರ ನನ್ನದು, ಬೇಳೆ ಮಾತ್ರ ಖರೇದು.

೧. ಪಾಳಿ

ನಮ್ಮ ಮ್ಯಾಡಮ್ಮರ ಪಿಎಚ್‌ಡಿ ಇಷ್ಟೇ: ನೇರಳಾತೀತ ಬೆಳಕು ಬ್ಯಾಕ್ಟೀರಿಯಾದ ಡಿಎನ್‌ಎ ಕೆಡಿಸುತ್ತದೆ. ನೀರಿಗೆ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಬೆರೆಸಿದರೆ, ಅದು ಆ ಬೆಳಕನ್ನು ತಾನೇ ನುಂಗಿ ಅವನ್ನು ಕಾಯುತ್ತದೆಯೇ? ಯಾರು ಕೇಳಿದರೂ ಬೇಸರವಿಲ್ಲದೆ ಹೇಳುವ ಮಹಾತಾಯಿ.

ಪ್ರಾಚಾರ್ಯರು ಕೇಳಿದರು, "ಅದನ್ನ ಮಾರಿಗೆ ಹಚ್ಚಿಕೊಂಡ್ರ ನಾವು ಕರ್ರಗಾಗೂದು ನಿಂದ್ರತೈತೇನ್ರಿ?"

ನಾನೇ ನಡುವೆ ಬಾಯಿ ಹಾಕಿದೆ. "ಸದ್ಯ ಬ್ಯಾಕ್ಟೀರಿಯಾದ ಪಾಳಿ ನಡದೈತ್ರಿ ಸರ. ಪ್ರಾಚಾರ್ಯರದು ಇನ್ನಾ ಬಂದಿಲ್ರಿ."

೨. ಮುಚ್ಚಳ

ವ್ಯತ್ಯಾಸ ಕಾಣದಿದ್ದರೆ ವಿಷಯವನ್ನೇ ಬದಲಿಸಿ ಎಂದು ಗೈಡ್ ಸರ್ ಹೇಳಿಬಿಟ್ಟಿದ್ದರು. ಅಂಥಾದ್ದರಲ್ಲಿ ಒಂದು ದಿನ ನೇರಳಾತೀತ ದೀಪದಡಿ ಇಟ್ಟರೂ ಟ್ರಿಪ್ಟೊಫಾನ್ ಇದ್ದ ತಾಟಿನಲ್ಲೂ ಬ್ಯಾಕ್ಟೀರಿಯಾ ಜೀವಂತ, ಇಲ್ಲದ್ದರಲ್ಲೂ ಜೀವಂತ. ಮ್ಯಾಡಮ್ಮರ ಮುಖ ಬಾಡಿತು.

"ಭಾಳ ಧೂಳ ಬೀಳತಿತ್ತು," ಅಂದರು ಪ್ರಾಚಾರ್ಯರು ಹೆಮ್ಮೆಯಿಂದ. "ದೀಪದ ಬುಡಕಿದ್ದ ತಾಟಿಗೆಲ್ಲಾ ನಾನ ಗಾಜಿನ ಮುಚ್ಚಳ ಹಾಕೀನಿ."

ಆ ಬೆಳಕು ಗಾಜು ದಾಟುವುದಿಲ್ಲ. ನಾನಾಗಿದ್ದರೆ ಮುಚ್ಚಳವನ್ನೇ ಬೀಸುತ್ತಿದ್ದೆ. ಮ್ಯಾಡಮ್ಮರು ನಕ್ಕರು. "ಸರ, ಟ್ರಿಪ್ಟೊಫಾನ್‌ಗಿಂತ ನಿಮ್ಮ ಕಾಳಜೀನ ಗಟ್ಟಿ ನೋಡ್ರಿ."

೩. ಕಂಬಳಿ

ಮರುದಿನ ಗೈಡ್ ಸರ್ ಬರುವವರು. ಈ ಸಲದ ಪ್ರಯೋಗವೇ ಕೊನೆಯ ಅವಕಾಶ. ಬೆಳಕಿನ ಪೆಟ್ಟು ತಿಂದ ಬ್ಯಾಕ್ಟೀರಿಯಾವನ್ನು ಕತ್ತಲಲ್ಲಿಡಬೇಕು. ಹಗಲಿನ ಬೆಳಕು ಬಿದ್ದರೆ ಅವು ತಮ್ಮ ಡಿಎನ್‌ಎ ತಾವೇ ರಿಪೇರಿ ಮಾಡಿಕೊಂಡು ಏಳುತ್ತವೆ. ನಮ್ಮ ಇನ್‌ಕ್ಯುಬೇಟರಿಗೋ ಗಾಜಿನ ಬಾಗಿಲು. ಮ್ಯಾಡಮ್ಮರು ಸೀದಾ ಹೊರಗೆ ಹೋಗಿ, ಕಂಪೌಂಡಿನಾಚೆ ಕುರಿ ಮೇಯಿಸುತ್ತಿದ್ದ ಮುಚ್ಚಂಡಿ ಊರಿನ ಅಜ್ಜನಿಂದ ಕರಿ ಕಂಬಳಿ ಇಸಿದುಕೊಂಡು ಅದಕ್ಕೆ ಹೊದಿಸಿದರು.

ಹಿಂದೆಯೇ ಬಂದ ಅಜ್ಜ, "ಒಳಗ ಏನೈತ್ಯೋ ತಮ್ಮಾ?" ಅಂದ.

"ಜೀವ ಅದಾವ ಅಜ್ಜಾ. ನಮ್ಮ ಮ್ಯಾಡಮ್ಮಾರು ಬಿಸಿಲು ಬಡಿಸಿ, ಇನ್ನ ಏಳಬಾರದಂತ ನಿನ್ನ ಕಂಬಳಿ ಮುಚ್ಯಾರ," ಎಂದೆ, ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

ಅಜ್ಜ ಕಂಬಳಿಯ ಅಂಚು ಹಿಡಿದ. "ಕೊಲ್ಲಾಕ ಕಂಬಳಿ ಕೊಡಂಗಿಲ್ರಿ ಅಕ್ಕಾರ."

ನಾನು ಇನ್ನೊಂದು ಅಂಚು ಹಿಡಿದೆ. ಮ್ಯಾಡಮ್ಮರು ಮಾತ್ರ ಶಾಂತ. "ಎರಡು ಹಿಂಡು ಅದಾವ ಅಜ್ಜಾ. ಒಂದಕ್ಕ ನೆರಳು ಕೊಟ್ಟಿದ್ನಿ, ಒಂದಕ್ಕ ಇಲ್ಲ. ನೆರಳಿನಿಂದ ಎಷ್ಟು ಉಳದಾವ ತಿಳೀಬೇಕು. ಈಗ ಬೆಳಕು ಬಿತ್ತಂದ್ರ ಎಲ್ಲಾ ಕಲಸಿಹೋಗತೈತಿ."

ಅಜ್ಜ ಯೋಚಿಸಿ, ಅಂಚನ್ನು ತಾನೇ ಇನ್ನಷ್ಟು ಬಿಗಿಯಾಗಿ ಸಿಗಿಸಿದ.

ಮರುದಿನ ಟ್ರಿಪ್ಟೊಫಾನ್ ಇದ್ದ ತಾಟಿನ ತುಂಬ ಬದುಕಿದ ಬ್ಯಾಕ್ಟೀರಿಯಾದ ಬಿಳಿ ಚುಕ್ಕೆ, ಇಲ್ಲದ್ದು ಬೋಳು. ಗೈಡ್ ಸರ್ ಕೈಕುಲುಕಿ, ಇದೇ ವಿಷಯ ಮುಂದುವರಿಸಿ ಎಂದು ಹೋದರು. ಕಂಬಳಿ ಒಯ್ಯಲು ಬಂದ ಅಜ್ಜ ತುಂಬಿದ ತಾಟನ್ನು ಕಣ್ತುಂಬ ನೋಡಿದ.

"ಚಲೋ ಮೈದುಂಬ್ಯಾವ. ಇನ್ನ ಇವನ್ನ ಏನ ಮಾಡ್ತೀರಿ?"

"ಕುಕ್ಕರಿನ್ಯಾಗ ಹಾಕಿ ಕುದಸ್ತೀವಿ," ಅಂದರು ಮ್ಯಾಡಮ್ಮರು. ಕೆಲಸ ಮುಗಿದ ಬ್ಯಾಕ್ಟೀರಿಯಾವನ್ನು ಹಾಗೇ ಚೆಲ್ಲುವಂತಿಲ್ಲ.

ಅಜ್ಜ ಕಂಬಳಿ ಹೆಗಲಿಗೇರಿಸಿದ. "ಮೊದಲ ಹೇಳಬಾರದೇನ್ರಿ ಅಕ್ಕಾರ? ನಮ್ಮ ಕುರಿ ಕಸಬೂ ಇದ ಅಲ್ಲೇನ್ರಿ."