ನೀರಜಮ್ಮ ತಿದ್ದಿದ ತಲೆ

"ಈ ಮನೆಯಲ್ಲಿ ಒಂದು ತಲೆಯೂ ಸೊಟ್ಟಗಾಗಿಲ್ಲ, ಆಗೋದಕ್ಕೆ ನಾನು ಬಿಡೋದೂ ಇಲ್ಲ!" ಎಂದು ನೀರಜಮ್ಮ ಸೆರಗು ಸಿಕ್ಕಿಸಿ ಘೋಷಿಸಿದರು. ಮೊಮ್ಮಗಳು ಹುಟ್ಟಿ ಹದಿನೈದು ದಿನವಾಗಿತ್ತು. ಎಣ್ಣೆ ಬೆಚ್ಚಗಿತ್ತು, ನೀರು ಕಾದಿತ್ತು. ಎಳೆಗೂಸಿಗೆ ಎರೆಯುತ್ತಾ ತಲೆಯನ್ನು ಒತ್ತಿ ಒತ್ತಿ ದುಂಡಗೆ ಮಾಡುವುದರಲ್ಲಿ ಚೆನ್ನೈನ ಇಡೀ ಮೈಲಾಪೂರಿನಲ್ಲಿ ಅವರನ್ನು ಮೀರಿಸಿದವರಿಲ್ಲ. ಹಾಗೆಂದು ಹೇಳಿದವರೂ ಅವರೇ.

ಆದರೆ ಮಂಡ್ಯದ ಸೊಸೆ ಸಂಹಿತಾ ಮಗುವನ್ನು ಕೊಡಲೊಲ್ಲಳು.

"ಅತ್ತೆ, ತಲೆ ಒತ್ತಲೇಬಾರದು ಅಂದಿದ್ದಾರೆ ಡಾಕ್ಟ್ರು."

"ಆ ಡಾಕ್ಟ್ರು ಎಷ್ಟು ಕೂಸಿಗೆ ಎರೆದಿದ್ದಾನಂತೆ? ನಿನ್ನ ಗಂಡ ಸಂಜೀವನ ತಲೆ ನೋಡು, ಮೂರು ತಿಂಗಳು ತಿದ್ದಿದ್ದೀನಿ! ನಾಳೆ ತಿರುಪತಿಯಲ್ಲಿ ಮುಡಿ ಕೊಟ್ಟು ಬರ್ತಾನಲ್ಲ, ಕೂದಲ ಅಡ್ಡಿಯೂ ಇರಲ್ಲ. ಒಂದೇ ಒಂದು ಗಂಟು ಸಿಕ್ಕಲಿ, ನಿನ್ನ ಮಗೂನ ಮುಟ್ಟಲ್ಲ. ಸರಿಯಾ?"

ಸಂಜೀವ ಬಂದ. ಲಡ್ಡು ಕೆಳಗಿಟ್ಟು, ಗಂಧ ಮೆತ್ತಿದ ಬೋಳುತಲೆಯೊಂದಿಗೆ ಅಮ್ಮನ ಕಾಲಿಗೆ ಬಿದ್ದ. ಹಿಂದಲೆಯ ನಟ್ಟನಡುವೆ ಗೋಲಿ ಗಾತ್ರದ ಉಬ್ಬೊಂದು ಎದ್ದು ಕುಳಿತಿತ್ತು!

ಆಶೀರ್ವಾದಕ್ಕೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಎಲ್ಲಿ ಬಿದ್ಯೋ?"

"ಎಲ್ಲೂ ಬಿದ್ದಿಲ್ಲಮ್ಮ."

"ಬಸ್ಸಿನ ಕಂಬಿಗೆ ಹೊಡ್ಕೊಂಡಿರ್ತೀ, ನೆನಪು ಮಾಡ್ಕೊ!"

ಮಗನ ತಲೆಗೆ ಪೆಟ್ಟು ಬಿದ್ದಿರಲಿ ಎಂದು ಬೇಡಿಕೊಂಡ ಮೊದಲ ತಾಯಿ ಅವರೇ ಇರಬೇಕು. ಒತ್ತಿ ನೋಡಿದರು. ನೋವಿಲ್ಲ, ಊತವಿಲ್ಲ, ಗಟ್ಟಿ ಮೂಳೆ! "ಮುಂದೆ ಒತ್ತಿದೆ, ಪಕ್ಕ ಒತ್ತಿದೆ, ಹಿಂದೆ ಮರೆತೇಬಿಟ್ಟೆನೇನೋ" ಎನ್ನುವಷ್ಟರಲ್ಲಿ ನೀರಜಮ್ಮನ ಕಣ್ಣು ತುಂಬಿತು.

ಸಂಹಿತಾಗೆ ಗೆದ್ದ ಸಂತೋಷವೇ ಆಗಲಿಲ್ಲ, ಪಾಪ ಅನ್ನಿಸಿತು. "ಅತ್ತೆ, ಕತ್ತಿನ ಮಾಂಸಖಂಡ ಬಂದು ಹಿಡ್ಕೊಳ್ಳೋ ಜಾಗ ಅದು. ಎಲ್ಲರಿಗೂ ಇರುತ್ತೆ. ಕೆಲವರಿಗೆ ಎದ್ದು ಕಾಣುತ್ತೆ, ಅಷ್ಟೇ."

"ಎಲ್ಲರಿಗೂನಾ? ರೀ, ಬಗ್ಗಿ ಇಲ್ಲಿ!"

ಪೇಪರು ಓದುತ್ತಿದ್ದ ಪತಿ ವಿಷ್ಣುತೀರ್ಥರು ನಿಟ್ಟುಸಿರಿಟ್ಟರು. "ಮದುವೆಯಾದಾಗಿನಿಂದ ಬಗ್ಗೇ ಇದ್ದೀನಿ. ಇವತ್ತು ನೋಡಬೇಕು ಅನ್ನಿಸ್ತಾ?"

ಅಲ್ಲೂ ಇತ್ತು! ನೀರಜಮ್ಮ ಮೆಲ್ಲಗೆ ತಮ್ಮ ತುರುಬಿನ ಕೆಳಗೆ ಬೆರಳು ತೂರಿಸಿದರು. ಸಣ್ಣದೇ, ಆದರೆ ಇತ್ತು.

"ಅಯ್ಯೋ ರಾಮ! ನೀರಜಾ ತಲೆ ನಾನು ತಿದ್ದಿದ್ದು ಅಂತ ನಮ್ಮಮ್ಮ ಊರೆಲ್ಲಾ ಹೇಳ್ಕೊಂಡು ತಿರುಗಿದಳಲ್ಲೇ!" ಎಂದು ಅಳುತ್ತಲೇ ನಕ್ಕರು.

ಆದರೂ ಕೊಟ್ಟ ಮಾತು ಮಾತೇ. ಮರುದಿನ ನೀರು ಕಾಯಿಸಿಟ್ಟು, ತಾವು ಬಚ್ಚಲಿನ ಬಾಗಿಲಾಚೆ ನಿಂತರು. ಸಂಹಿತಾ ಅವರನ್ನು ಒಳಗೆ ಕರೆದು ಮಣೆಯ ಮೇಲೆ ಕೂರಿಸಿ, ಚಾಚಿದ ಕಾಲ ಮೇಲೆ ಮಗುವನ್ನು ಮಲಗಿಸಿದಳು.

"ನೀವೇ ಎರೀರಿ ಅತ್ತೆ, ನನ್ನ ಕೈ ನಡುಗುತ್ತೆ. ತಲೆ ಮಾತ್ರ ಒತ್ತಬೇಡಿ."

ಅಭ್ಯಾಸಬಲದಿಂದ ಹಿಂದಲೆಗೆ ಹೊರಟ ಬೆರಳನ್ನು ನೀರಜಮ್ಮ ಮೂರು ತಿಂಗಳು ದಿನವೂ ಗದರಿ ಗದರಿ ವಾಪಸು ಕರೆದರು.

ಮಗು ಕತ್ತು ನಿಲ್ಲಿಸಿದ ಮೇಲೆ ಒಂದು ದಿನ ಕೆಳಗಿನ ಮನೆಯ ವೃಂದಾ ಬಂದಳು. ಮಗುವನ್ನು ಎತ್ತಿಕೊಂಡು ಬೆರಗಾದಳು.

"ಎಷ್ಟು ದುಂಡಗಿದೆ ತಲೆ! ಕೈ ಅಂದ್ರೆ ನಿಮ್ಮದೇ ಮಾಮಿ! ಏನು ಮಾಡಿದ್ರಿ, ನನಗೂ ಸ್ವಲ್ಪ ಹೇಳಿಕೊಡಿ."

ನೀರಜಮ್ಮ ಸೊಸೆಯ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಏನೂ ಮಾಡಲಿಲ್ಲ ಕಣೇ. ಅದಕ್ಕೇ ಇಷ್ಟು ಚೆನ್ನಾಗಿದೆ!"